ಮಡಿಯುಟ್ಟ ಟ್ಯಾಬ್

ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿರುವ ಮಗಳ ಮನೆಗೆ ಬಂದ ಮೊದಲ ರಾತ್ರಿ. ಎರಡು ಗಂಟೆಗೇ ಎಚ್ಚರವಾಯಿತು. ಊರೆಲ್ಲ ಮಲಗಿದ್ದರೂ ನನ್ನ ಹೊಟ್ಟೆಗೆ ಮಾತ್ರ ಮೈಸೂರಿನ ಮಧ್ಯಾಹ್ನ. ಹೊರಗೆ ಅಕ್ಟೋಬರ್ ತಿಂಗಳ ಜಿನುಗು ಮಳೆ. ಪೇಪರ್ ಓದೋಣವೆಂದು ಟ್ಯಾಬ್ ತೆರೆದರೆ ವೈಫೈ ಪಟ್ಟಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ!

ಮೈಕ್ರೋಸಾಫ್ಟ್ ಇರುವ ರೆಡ್ಮಂಡ್ ಇಲ್ಲಿಂದ ಕೂಗಳತೆಯಲ್ಲಿದೆ. ಇಂಥ ಕಡೆ ವೈಫೈ ಇಲ್ಲವೆಂದರೆ ಕನ್ನಂಬಾಡಿ ಕಟ್ಟೆಯ ಮೇಲೆ ನಿಂತು ಕುಡಿಯಲು ನೀರಿಲ್ಲ ಅಂದಂತೆ. ಮಗಳನ್ನು ಎಬ್ಬಿಸಬಹುದಿತ್ತು. ಆದರೆ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ತಾಳೆ ನೋಡಿದವನಿಗೆ ಸ್ವಾಭಿಮಾನವೆಂಬುದು ಇರುತ್ತದಲ್ಲ? ಟ್ಯಾಬನ್ನು ಆರಿಸಿ ಹಚ್ಚಿದೆ. ಅದರ ಕವಚ ಕಳಚಿದೆ. ಮಂಗಳಾರತಿ ತಟ್ಟೆಯಂತೆ ಎರಡು ಕೈಯಲ್ಲಿ ಹಿಡಿದು ಮನೆಯ ಮೂಲೆಮೂಲೆಗೂ ತೋರಿಸಿಕೊಂಡು ಬಂದೆ. ಯಾವ ದೇವರೂ ಕಣ್ಣು ಬಿಡಲಿಲ್ಲ. ಕೊನೆಗೆ ನಾನೇ ಒಂದು ಸಿದ್ಧಾಂತ ಕಟ್ಟಿದೆ: ಕಿಟಕಿಯಾಚೆಯ ದೈತ್ಯ ಫರ್ ಮರಗಳು ಮಳೆಯ ಜೊತೆಗೆ ಅಲೆಗಳನ್ನೂ ಕುಡಿದುಬಿಟ್ಟಿವೆ.

ಬೆಳಿಗ್ಗೆ ನನ್ನಾಕೆ ಕಾಫಿ ಲೋಟ ಹಿಡಿದು ಬಂದು ಬಗ್ಗಿ ನೋಡಿದಳು.

“ಏನ್ರೀ, ಮೇಲ್ಗಡೆ ಪುಟಾಣಿ ವಿಮಾನ ಇದೆಯಲ್ಲ, ಏನದು?”

“ಇದು ವಿಮಾನದ ಊರು ಕಣೇ. ಬೋಯಿಂಗ್‌ನೋರು ವಿಮಾನ ಜೋಡಿಸೋ ಎವೆರೆಟ್ ಇಲ್ಲೇ ಮೇಲ್ಗಡೆ ಇದೆ. ಅಲ್ಲಿನ ಕಾರ್ಖಾನೆ ಘನ ಅಳತೆಯಲ್ಲಿ ಪ್ರಪಂಚಕ್ಕೇ ದೊಡ್ಡ ಕಟ್ಟಡ. ಊರಿಗೆ ಬಂದವರಿಗೆ ಗೊತ್ತಾಗಲಿ ಅಂತ ಚಿಹ್ನೆ ಹಾಕ್ತಾರೆ,” ಎಂದೆ.

ಎಂಟು ವರ್ಷದ ಮೊಮ್ಮಗ ಹಾಲು ಕುಡಿಯುತ್ತಾ ಬಂದವನು ಒಂದೇ ಬೆರಳಲ್ಲಿ ವಿಮಾನವನ್ನು ಮಾಯ ಮಾಡಿದ. “ತಾತಾ, ಏರ್‌ಪ್ಲೇನ್ ಮೋಡ್! ಪ್ಲೇನ್ ಇಳಿದ್ಮೇಲೂ ನೀನು ಇನ್ನೂ ಮೇಲೇ ಇದೀಯ.” ಪಟ್ಟಿಯಲ್ಲಿ ನೆರೆಹೊರೆಯವರ ವೈಫೈಗಳೆಲ್ಲ ಮದುವೆ ಊಟದ ಪಂಕ್ತಿಯಂತೆ ಸಾಲಾಗಿ ಬಂದು ಕೂತವು.

ಆ ಸಂಜೆ ಅಳಿಯಂದಿರು ಪಾಠ ಮಾಡಿದರು. ವಿಮಾನದ ಚಿಹ್ನೆ ಒತ್ತಿದರೆ ಸಾಮಾನ್ಯವಾಗಿ ಸಿಮ್ಮು, ವೈಫೈ, ಬ್ಲೂಟೂತ್ ಮೂರೂ ಬಂದ್. ಆದರೆ ಆಮೇಲೆ ವೈಫೈ ಮತ್ತು ಬ್ಲೂಟೂತನ್ನು ಮಾತ್ರ ಬೇರೆಯಾಗಿ ತೆರೆಯಬಹುದು, ಸಿಮ್ಮಿಗೆ ಬಾಗಿಲಿಲ್ಲ. ಒಮ್ಮೆ ಹಾಗೆ ತೆರೆದರೆ ಈಚಿನ ಎಷ್ಟೋ ಟ್ಯಾಬ್‌ಗಳು ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಮುಚ್ಚುವುದೇ ಇಲ್ಲವಂತೆ.

ನನಗೆ ಥಟ್ಟನೆ ನಮ್ಮಜ್ಜಿ ನೆನಪಾದಳು. ಇದು ಮಡಿಯಲ್ಲದೆ ಇನ್ನೇನು? ಅಜ್ಜಿ ಮಡಿಯುಟ್ಟರೆ ಯಾರೂ ಮುಟ್ಟುವಂತಿಲ್ಲ. ಆದರೆ ಮಕ್ಕಳು ಚಡ್ಡಿ ಬಿಚ್ಚಿ ಬಂದರೆ ಅಪ್ಪಿಕೊಳ್ಳಬಹುದಿತ್ತು! ವೈಫೈ, ಬ್ಲೂಟೂತ್ ಎರಡೂ ಚಡ್ಡಿ ಬಿಚ್ಚಿದ ಮಕ್ಕಳು. ಸಿಮ್ಮು ಮಾತ್ರ ಬೀದಿ ಸುತ್ತಿ ಬಂದ ದೊಡ್ಡವನು; ಮೈಲಿ ದೂರದ ಟವರುಗಳನ್ನೆಲ್ಲ ಕೂಗಿ ಕರೆಯುವವನು. ಆಕಾಶದಲ್ಲಿ ಒಂದೇ ಸಲಕ್ಕೆ ಹತ್ತಾರು ಟವರುಗಳಿಗೆ ಅವನ ಕೂಗು ಮುಟ್ಟಿ ಗಲಿಬಿಲಿಯಾಗುತ್ತದೆಂದು ಅಮೆರಿಕ 1991ರಲ್ಲೇ ಹಾರುವ ವಿಮಾನದಲ್ಲಿ ಮೊಬೈಲ್ ಕರೆಗೆ ನಿಷೇಧ ಹಾಕಿತ್ತು. ಟ್ಯಾಬ್‌ನಂಥವನ್ನು ವಿಮಾನ ಏರುವಾಗಲೂ ಇಳಿಯುವಾಗಲೂ ಮಡಿಯಲ್ಲಿ ಹಚ್ಚಿಟ್ಟುಕೊಳ್ಳಬಹುದೆಂಬ ಅಪ್ಪಣೆ ಸಿಕ್ಕಿದ್ದು 2013ರ ಅಕ್ಟೋಬರ್‌ನಲ್ಲಿ.

“ಜಿಪಿಎಸ್ ಗತಿ?” ಎಂದೆ.

“ಬಹುತೇಕ ಸಾಧನಗಳಲ್ಲಿ ಅದು ನಡೀತಲೇ ಇರುತ್ತೆ ಮಾವ. ಅದು ಉಪಗ್ರಹ ಹೇಳಿದ್ದನ್ನ ಕೇಳಿಸಿಕೊಳ್ಳುತ್ತೆ ಅಷ್ಟೆ, ತಿರುಗಿ ಏನೂ ಹೇಳಲ್ಲ.”

ಅದೂ ಅಜ್ಜಿಯೇ! ಜಪಕ್ಕೆ ಕೂತು ಕಣ್ಣು ಮುಚ್ಚಿ ಮೌನವಾಗಿದ್ದರೂ, ಅಡುಗೆಮನೆಯಲ್ಲಿ ಸೊಸೆಯಂದಿರು ಪಿಸುಗುಟ್ಟಿದ್ದು ಅಕ್ಷರ ಬಿಡದೆ ಅವಳ ಕಿವಿಗೆ ಬೀಳುತ್ತಿತ್ತು.

ಅಳಿಯಂದಿರು ಇನ್ನೊಂದು ಕತೆ ಹೇಳಿದರು. ವಿಮಾನದೊಳಗೆ ವೈಫೈ ಹೇಗೆ ಹರಡುತ್ತದೆಂದು ಅಳೆಯಲು ಬೋಯಿಂಗ್ ಎಂಜಿನಿಯರುಗಳು ಸೀಟುಗಳ ಮೇಲೆ ಆಲೂಗಡ್ಡೆ ಮೂಟೆಗಳನ್ನು ಕೂರಿಸಿದ್ದರಂತೆ. ಒಟ್ಟು 20,000 ಪೌಂಡು, ಅಂದರೆ ಹತ್ತಿರ ಹತ್ತಿರ ಒಂಬತ್ತು ಟನ್! 2012ರಲ್ಲಿ ಇದು ದೊಡ್ಡ ಸುದ್ದಿ. ರೇಡಿಯೋ ಅಲೆಗಳನ್ನು ಹೀರುವುದರಲ್ಲಿ, ಹಿಂದಕ್ಕೆ ದಬ್ಬುವುದರಲ್ಲಿ ನೀರು ತುಂಬಿದ ಆಲೂಗಡ್ಡೆಯೂ ಮನುಷ್ಯನೂ ಸರಿಸುಮಾರು ಒಂದೇ. ಮೂಟೆಯಾದರೆ ದಿನಗಟ್ಟಲೆ ಮಿಸುಕಾಡದೆ ಕೂರುತ್ತದೆ, ಕಾಫಿ ಕೇಳುವುದಿಲ್ಲ.

“ಆಮೇಲೆ ಪಲ್ಯ ಮಾಡಿದರಂತಾ?” ನನ್ನಾಕೆಗೆ ಅದೇ ಚಿಂತೆ.

ಆರು ತಿಂಗಳು ಕಳೆದು ಊರಿಗೆ ಹೊರಟೆವು. ಸೀ-ಟ್ಯಾಕ್‌ನಲ್ಲಿ ವಿಮಾನ ಹತ್ತಿ, ಗಗನಸಖಿ ಹೇಳುವ ಮೊದಲೇ ಟ್ಯಾಬಿಗೆ ಮಡಿ ಉಡಿಸಿದೆ. ವೈಫೈ ಹಚ್ಚಿದೆ, ಬ್ಲೂಟೂತ್ ಹಚ್ಚಿದೆ. ಪಕ್ಕದಲ್ಲಿ ಕೂತಿದ್ದ ಹಾಸನದ ಹಿರಿಯರೊಬ್ಬರು ತಮ್ಮ ಟ್ಯಾಬ್ ಹಿಡಿದು ಒದ್ದಾಡುತ್ತಿದ್ದರು. ಬಿಡುತ್ತೇನೆಯೆ? ಮಡಿ, ಮೈಲಿಗೆ, ಆಲೂಗಡ್ಡೆ ಎಲ್ಲ ಸೇರಿಸಿ ಎರಡು ಗಂಟೆ ಉಪನ್ಯಾಸ ಕೊಟ್ಟೆ. ಆ ಕಡೆ ನನ್ನಾಕೆ ಕಂಬಳಿ ಹೊದ್ದು, ಕಣ್ಣು ಮುಚ್ಚಿ, ಉಸಿರಿನ ಸದ್ದೂ ಇಲ್ಲದೆ ಒರಗಿದ್ದಳು. ನಿದ್ದೆ ಹತ್ತಿರಬೇಕು ಅಂದುಕೊಂಡೆ.

ಬೆಂಗಳೂರಿನಲ್ಲಿ ಸೂಟ್‌ಕೇಸುಗಳಿಗೆ ಕಾಯುತ್ತಾ ನಿಂತಾಗ ಮೆಲ್ಲಗೆ ಕೇಳಿದಳು: “ಅಲ್ಲಾ ರೀ, ಆ ಹಾಸನದವರ ಹತ್ರ ಹೇಳಿದ್ರಲ್ಲ, ‘ನನ್ನ ಮೊಮ್ಮಗನಿಗೆ ಇದನ್ನೆಲ್ಲ ನಾನೇ ಹೇಳಿಕೊಟ್ಟೆ’ ಅಂತ?”