ನಲ್ಲಿಯ ಪಕ್ಕದ ಮನೆ

ಮೆಟ್ರೋ ಇಳಿದದ್ದು 'ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ' ನಿಲ್ದಾಣದಲ್ಲಿ. ಸಂಪಿಗೆಗಿಂತ ಮಂತ್ರಿ ಮುಂದೆ ನಿಂತಿರುವುದು ನಮ್ಮ ಕಡೆಯ ಶಿಷ್ಟಾಚಾರಕ್ಕೆ ಸರಿಯಾಗಿಯೇ ಇದೆ. ಪಕ್ಕದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಮಂತ್ರಿ ಮಾಲ್. ರಾಜ ಇಳಿದು ಮಂತ್ರಿ ಏರಿದ ಮೇಲೆ ಮಲ್ಲೇಶ್ವರಕ್ಕೂ ಪ್ರಜಾಪ್ರಭುತ್ವ ಬಂತೆಂದೇ ಲೆಕ್ಕ.

ಹುಡುಕಿಕೊಂಡು ಹೊರಟದ್ದು ನಾವಿದ್ದ ವಠಾರವನ್ನು. 1898ರ ಪ್ಲೇಗ್ ಮಾರಿಯ ಬೆನ್ನಿಗೆ, ಜನ ಗಾಳಿಬೆಳಕಿನಲ್ಲಿ ದೂರದೂರ ಇರಲಿ ಎಂದು ಬೆಳೆಸಿದ ಬಡಾವಣೆ ಇದು. ಅದರೊಳಗೇ ನಾವು ಎಂಟು ಸಂಸಾರ ಒಂದು ನಲ್ಲಿಗೆ ಜೋತುಬಿದ್ದಿದ್ದೆವು. ಬೆಳಗಿನ ಜಾವ ಯಾರೋ ಒಬ್ಬರು "ನೀರು ಬಂತು!" ಎಂದು ಕೂಗಿದರೆ ವಠಾರಕ್ಕೆ ವಠಾರವೇ ಬಿಂದಿಗೆ ಹಿಡಿದು ಓಡುತ್ತಿತ್ತು. ಅಮ್ಮ ಹಿಂದಿನ ರಾತ್ರಿಯೇ ನಲ್ಲಿಯ ಮುಂದೆ ಒಂದು ಇಟ್ಟಿಗೆ ಇಟ್ಟು ಜಾಗ ಹಿಡಿದಿರುತ್ತಿದ್ದಳು. ನನ್ನನ್ನು ನಿಲ್ಲಿಸಬಹುದಿತ್ತು, ಆದರೆ ಇಟ್ಟಿಗೆ ಗೋಲಿಯಾಡಲು ಹೋಗುವುದಿಲ್ಲವಲ್ಲ.

ಗೋಡೆಗಳೋ, ಹೆಸರಿಗೆ ಮಾತ್ರ. ಪಕ್ಕದ ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ನಾನು ಸೀನುತ್ತಿದ್ದೆ. ಗೋಡೆಯಾಚೆಯಿಂದಲೇ ಅಜ್ಜಿ "ನೂರು ವರ್ಷ ಬಾಳಪ್ಪ" ಎನ್ನುತ್ತಿದ್ದರು. ಸೀನಿಸಿದವರೇ ಹರಸುವ ಈ ಏರ್ಪಾಡು ನನಗೆ ಆಮೇಲೆಲ್ಲೂ ಸಿಗಲಿಲ್ಲ.

ಮಾರ್ಗೋಸಾ ರಸ್ತೆಯ ಬೆಣ್ಣೆದೋಸೆಯ ಹೋಟೆಲು ಸಿಟಿಆರ್ ಮಾತ್ರ ದಾರಿ ತೋರಿಸಿತು. ಅದು 'ಶ್ರೀ ಸಾಗರ್' ಆಗಿ ಎಷ್ಟೋ ಕಾಲವಾಯಿತು, ಆದರೆ ಬೆಣ್ಣೆ ಮೆತ್ತಿದ ನಾಲಿಗೆ ಹಳೆಯ ಹೆಸರನ್ನು ಬಿಟ್ಟಿಲ್ಲ. ಅಲ್ಲಿಂದ ಮೂಗನ್ನೇ ನಂಬಿ ನಡೆದೆ.

ವಠಾರ ಇರಲಿಲ್ಲ. ನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ನಮ್ಮ ಅಡುಗೆಮನೆ ಇದ್ದ ಕಡೆ ಈಗ ಕಾರುಗಳು ನೆಲಮಾಳಿಗೆಗೆ ಇಳಿಯುವ ದಾರಿ. ನೋಡುತ್ತಿದ್ದಂತೆಯೇ ಒಂದು ಕಾರು ಅಮ್ಮನ ಒಲೆಯ ಮೇಲೆ ಹಾದುಹೋಯಿತು. ಬಾಡಿಗೆಗಿದ್ದವನಿಗೆ ಇಷ್ಟೊಂದು ಸಂಕಟಪಡುವ ಹಕ್ಕಿದೆಯೇ, ಗೊತ್ತಿಲ್ಲ. ಒಂದು ಮೊಳೆ ಹೊಡೆಯಲು ನಾವು ಯಜಮಾನರ ಅಪ್ಪಣೆ ಕೇಳುತ್ತಿದ್ದೆವು. ಇಡೀ ವಠಾರ ಕೆಡವುವಾಗ ಅವರ ಮಕ್ಕಳು ನಮ್ಮನ್ನು ಒಂದು ಮಾತೂ ಕೇಳಲಿಲ್ಲ.

"ಯಾರು ಬೇಕಾಗಿತ್ರೀ?" ವಾಚ್‌ಮನ್ ಕೇಳಿದ. ರಾಯಚೂರು ಕಡೆಯವನಿರಬೇಕು.

"ಮೂರನೇ ಮನೆ."

"ಮೂರನೇ ಫ್ಲೋರಾ?"

"ಅಲ್ಲಪ್ಪ, ನಲ್ಲಿಯ ಪಕ್ಕದ್ದು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಳ ಎಲ್ಲಾ ಮನ್ಯಾಗೂ ಅದಾವ್ರೀ ಸರ."

ಏನೆಂದು ಹೇಳಲಿ? ಅಷ್ಟರಲ್ಲಿ ಬೆನ್ನ ಹಿಂದೆ ಹಾರ್ನ್. ಟ್ಯಾಂಕರ್ ಲಾರಿ ಹಿಮ್ಮುಖವಾಗಿ ಗೇಟಿನತ್ತ ಬರುತ್ತಿತ್ತು. ವಾಚ್‌ಮನ್ ಗೇಟು ತೆರೆಯಲು ಓಡುತ್ತಾ ಕೂಗಿದ: "ನೀರು ಬಂತು! ಸರೀರಿ, ನೀರು ಬಂತು!"

ನನ್ನ ಕೈ ತಾನಾಗಿಯೇ ಬಿಂದಿಗೆಗಾಗಿ ತಡಕಾಡಿತು.