ಮೂರು ಸೆಟ್ಟಿನ ಸಂಸಾರ

ಗುರುಮಠಕಲ್ಲಿನಲ್ಲಿ ಯಾರು ಯಾವ ಕಚೇರಿಗೆ ಹೊರಟರೂ ಮನೆಯವರು ಹೇಳಿ ಕಳಿಸುವ ಮಾತು ಒಂದೇ: “ಎದಕ್ಕೂ ಇರ್ಲಿ, ಮೂರು ಸೆಟ್ ಜೆರಾಕ್ಸ್ ತಗೊಂಡು ಹೋಗ್ರಿ.” ಒಂದು ಸೆಟ್ಟು ಸಾಹೇಬರಿಗೆ, ಒಂದು ಗುಮಾಸ್ತರಿಗೆ, ಮೂರನೆಯದು ಮೊದಲಿನೆರಡು ಕಳೆದುಹೋದಾಗ ಕೊಡಲಿಕ್ಕೆ. ಈ ಸಂಸ್ಕಾರದಲ್ಲಿ ಬೆಳೆದವನ ಕೈಗೆ ಕಂಪ್ಯೂಟರು ಕೊಟ್ಟರೆ ಏನಾಗುತ್ತದೆಂದು ನೋಡುವ ಆಸೆಯಿದ್ದರೆ ನಮ್ಮ ಮನೆಗೆ ಬನ್ನಿ. ಚಹಾ ಕುಡಿದು ಹೋಗುವಿರಂತೆ. ಅಂಗಡಿಯ ಜೆರಾಕ್ಸಿಗಾದರೂ ರೊಕ್ಕ ಕೊಡಬೇಕು. ಇಲ್ಲಿ ಕಂಟ್ರೋಲ್ ಸಿ, ಕಂಟ್ರೋಲ್ ವಿ ಎರಡೂ ಪುಕ್ಕಟೆ.

ಪುಕ್ಕಟೆಯ ಫಲ ಮಗಳ ಸ್ಕಾಲರ್‌ಶಿಪ್ ಅರ್ಜಿಯ ದಿನ ಸಿಕ್ಕಿತು. ಫಾರ್ಮು ಇಳಿಸಿಕೊಳ್ಳೋಣವೆಂದರೆ ಜಾಗವಿಲ್ಲ ಎಂದು ಕಂಪ್ಯೂಟರು ಖಡಾಖಂಡಿತವಾಗಿ ಹೇಳಿತು. ಡಿಸ್ಕಿನ ಪಟ್ಟಿ ಕೆಂಪಗಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅಂಗಡಿ ಇಟ್ಟಿರುವ ಪಕ್ಕದ ಮನೆಯ ಹುಡುಗ ಬಂದು ಕುಳಿತ. ಎರಡು ಫೋಲ್ಡರ್ ತೆರೆದು ನೋಡಿ, “ಕಾಕಾ, ಒಂದs ಆಧಾರ್ ಕಾರ್ಡು, ಎಷ್ಟು ಕಡೆ ಇಟ್ಟೀರಿ?” ಎಂದ. ಇಟ್ಟಿದ್ದೆನಪ್ಪ. ‘ಆಧಾರ್’, ‘ಆಧಾರ್ ಹೊಸದು’, ‘ಆಧಾರ್ ಫೈನಲ್’, ‘ಆಧಾರ್ ಇದೇ ಖರೇ’. ಇದೇ ಖರೇ ಎಂದಿದ್ದರ ಪಕ್ಕದಲ್ಲಿ ಆವರಣ ಹಾಕಿ 1 ಎಂದು ಬರೆದ ಇನ್ನೊಂದಿತ್ತು. ಅದನ್ನು ಹಾಗೆ ಬರೆದವನು ನಾನಲ್ಲ, ಇಳಿಸಿಕೊಂಡದ್ದನ್ನೇ ಮತ್ತೆ ಇಳಿಸಿಕೊಂಡಾಗ ಬ್ರೌಸರು ತಾನಾಗಿ ಬರೆದದ್ದು. ಅಷ್ಟಾದರೂ ನನ್ನ ಪಾಲಿನದಲ್ಲವಲ್ಲ ಎಂದು ಸಮಾಧಾನಪಟ್ಟೆ.

ಹುಡುಗ ನಕಲು ಫೈಲುಗಳನ್ನು ಹುಡುಕುವ ‘ಡೂಪ್‌ಗುರು’ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟ. ಹೆಸರಿನಲ್ಲಿ ಗುರು ಇದ್ದದ್ದರಿಂದ ನಮ್ಮೂರಿನವನಾದ ನನಗೆ ಅರ್ಧ ವಿಶ್ವಾಸ ಅಲ್ಲೇ ಬಂತು. ಉಳಿದರ್ಧ ಅದು ಕೆಲಸ ಮಾಡುವ ಬಗೆ ಕೇಳಿ ಬಂತು. ಫೈಲಿನ ಒಳಗನ್ನು ನೋಡಿ ಹುಡುಕಬೇಕೆಂದು ಹೇಳಿದರೆ, ಇಂಥ ತಂತ್ರಾಂಶಗಳು ಹೆಸರಿಗೆ ಮರುಳಾಗುವುದಿಲ್ಲ. ಮೊದಲು ನೋಡುವುದು ಗಾತ್ರ. ಗಾತ್ರ ಒಂದೇ ಇಲ್ಲವೆಂದರೆ ಅವೆರಡೂ ಒಂದೇ ಆಗಲು ಸಾಧ್ಯವಿಲ್ಲ, ಆ ಜೋಡಿಯನ್ನು ಕೈಬಿಡುತ್ತವೆ. ಆದರೆ ಗಾತ್ರ ಒಂದೇ ಇದ್ದಮಾತ್ರಕ್ಕೆ ಏನೂ ಸಾಬೀತಾಗಲಿಲ್ಲ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಭಂಡಾರ ಬಳಿದುಕೊಂಡವರೆಲ್ಲ ದೂರಕ್ಕೆ ಒಂದೇ ತರ ಕಂಡ ಹಾಗೆ; ಹತ್ತಿರ ಹೋಗಿ ಮುಖ ನೋಡಿದರೇ ನಮ್ಮವರು ಯಾರೆಂದು ತಿಳಿಯುವುದು. ಹಾಗೆ ಮುಖ ನೋಡಲಿಕ್ಕೆಂದು ಹ್ಯಾಶ್ ಎಂಬ ಲೆಕ್ಕ ಇದೆ. ರೊನಾಲ್ಡ್ ರಿವೆಸ್ಟ್ 1992ರಲ್ಲಿ ಪ್ರಕಟಿಸಿದ ಎಂಡಿ5 ಅದರಲ್ಲಿ ಹಳೆಯದು, ಹೆಸರಾದದ್ದು. ಫೈಲು ಎಷ್ಟೇ ದೊಡ್ಡದಿರಲಿ, ಇಡೀ ಓದಿ 32 ಅಕ್ಷರ-ಅಂಕಿಗಳ ಒಂದು ಗುರುತು ಕೊಡುತ್ತದೆ. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. 2004ರಲ್ಲಿ ಚೀನಾದ ಸಂಶೋಧಕರು ಬೇರೆಬೇರೆ ಎರಡಕ್ಕೆ ಒಂದೇ ಎಂಡಿ5 ಗುರುತು ಬರುವ ಹಾಗೆ ಮಾಡಿ ತೋರಿಸಿದ ಮೇಲೆ ಸಹಿ, ಭದ್ರತೆಯ ಕೆಲಸಗಳಲ್ಲಿ ಅದರ ಮರ್ಯಾದೆ ಹೋಯಿತು. ನಮ್ಮ ಮನೆಯ ಆಧಾರ್ ಕಾರ್ಡಿನ ಮೇಲೆ ಅಷ್ಟು ಕಷ್ಟಪಡುವ ಗಣಿತಜ್ಞರು ಇನ್ನೂ ಹುಟ್ಟಿಲ್ಲವಾದ್ದರಿಂದ ನಾನು ನಿಶ್ಚಿಂತ.

ಯಂತ್ರಕ್ಕೆ ಅವಳಿಗಳನ್ನು ಹುಡುಕುವುದು ನೀರು ಕುಡಿದಷ್ಟು ಸಲೀಸು. ನನಗೆ ತಲೆನೋವಾದದ್ದು ಅದು ಅವಳಿ ಅಲ್ಲ ಎಂದು ಬಿಟ್ಟವುಗಳದು. ನಮ್ಮ ಮನೆ ಒಂದು ಗೇಣು ಅತ್ತಿತ್ತ ಸರಿದಿಲ್ಲ. ಆದರೂ ವಾಸಸ್ಥಳದ ಹಳೆಯ ಕಾಗದದಲ್ಲಿ ನಾನು ಗುಲಬರ್ಗಾ ಜಿಲ್ಲೆ, ಯಾದಗಿರಿ ತಾಲ್ಲೂಕಿನವನು. 2009ರ ಕೊನೆಗೆ ಯಾದಗಿರಿಯೇ ಜಿಲ್ಲೆಯಾಯಿತು, ಕಾಗದ ಬೇರೆಯಾಯಿತು. ಹೊಸ ತಾಲ್ಲೂಕುಗಳ ಘೋಷಣೆ 2017ರಲ್ಲಿ ಬಂತು, ವಡಗೇರಾ, ಹುಣಸಗಿಯ ಜೊತೆಗೆ ನಾವೂ ತಾಲ್ಲೂಕಾದೆವು, ಮತ್ತೊಂದು ಕಾಗದ. ನಡುವೆ 2014ರಲ್ಲಿ ಗುಲಬರ್ಗಾ ಹೋಗಿ ಕಲಬುರಗಿಯಾಗಿತ್ತು. ವಿಶ್ವವಿದ್ಯಾಲಯ ಮಾತ್ರ ಗುಲಬರ್ಗಾ ಎಂದೇ ಉಳಿಯಿತು. ಕೂತಲ್ಲೇ ಕೂತವನಿಗೆ ಇಷ್ಟು ವಿಳಾಸ! ಕಣ್ಣಿಗೆ ಎಲ್ಲವೂ ಒಂದೇ ಮನುಷ್ಯನ ಒಂದೇ ಮನೆ. ಯಂತ್ರ ಅವುಗಳನ್ನು ಬೇರೆಬೇರೆ ಎಂದಿತು. ಯಂತ್ರದ ಮಾತೇ ಸರಿ, ಯಾಕೆಂದರೆ ನಮ್ಮ ಭಾಗದವರ ಮೀಸಲಾತಿಯ 371ಜೆ ಸರ್ಟಿಫಿಕೇಟು ಮಾಡಿಸುವಾಗ ಹೊಸ ಕಾಗದದವನೂ ಹಳೆಯ ಕಾಗದದವನೂ ಒಬ್ಬನೇ ಎಂದು ತೋರಿಸಲು ಹಳೆಯವೂ ಬೇಕಾಗುತ್ತವೆ. ಮುಟ್ಟದೆ ಬಿಟ್ಟೆ.

ನನ್ನ ಬರಹಗಳದು ಇನ್ನೊಂದು ಪೇಚು. ಹಳೆಯ ಪ್ರಬಂಧಗಳು ನುಡಿ ಅಕ್ಷರಶೈಲಿಯಲ್ಲಿವೆ. ಆಮೇಲೆ ಅವನ್ನೇ ಯೂನಿಕೋಡಿಗೆ ಬದಲಿಸಿ ಇಟ್ಟಿದ್ದೇನೆ. ಓದಿದರೆ ಅದೇ ಮಾತು, ಅದೇ ಸವಕಲು ಹಾಸ್ಯ. ಒಳಗಿನ ಸಂಕೇತಗಳಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯದನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಸನ್ನಿ ಹಿಡಿದಂತೆ ಕಾಣುತ್ತದೆ. ಯೂನಿಕೋಡಿನೊಳಗೂ ತಂಟೆ ತಪ್ಪಲಿಲ್ಲ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ಊಕಾರದ ಕೊಂಬು ಎಂದು ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ‘ಕೊ’. ಹ್ಯಾಶ್ ನೋಡುವವನಿಗೆ ಎರಡೂ ಅಪರಿಚಿತರು.

ಫೋಟೋಗಳಿಗೆ ಡೂಪ್‌ಗುರುವಿನಲ್ಲಿ ಬೇರೆ ವಿಧಾನವಿದೆ, ತದ್ರೂಪ ಅಲ್ಲದಿದ್ದರೂ ಹೋಲುವಂಥವನ್ನು ಹುಡುಕಿ ಕೊಡುತ್ತದೆ. ಇದು ಬೇಕೇ ಬೇಕು. ವಾಟ್ಸಾಪಿನಲ್ಲಿ ಎಲ್ಲರಂತೆ ಕಳಿಸಿದ ಚಿತ್ರವನ್ನು ಅದು ಹಿಂಡಿ ಸಣ್ಣದು ಮಾಡಿರುತ್ತದೆ, ಹಾಗಾಗಿ ಮೂಲಚಿತ್ರಕ್ಕೂ ಅದಕ್ಕೂ ಹ್ಯಾಶ್ ಕೂಡುವುದಿಲ್ಲ. ಈ ವಿಧಾನ ಹಚ್ಚಿದ ಕೂಡಲೇ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಸಾಲು ಚಿತ್ರಗಳು ಎದ್ದು ಬಂದವು. ಬುದ್ಧನೇನೋ ಯಾವ ಚಿತ್ರದಲ್ಲೂ ಮಗ್ಗುಲು ಬದಲಿಸಿಲ್ಲ. ಮುಂದೆ ನಿಂತ ನಮ್ಮ ಮಂದಿಯ ಅವಸ್ಥೆ ಬೇರೆ: ಒಂದರಲ್ಲಿ ಭಾವನವರ ಕಣ್ಣು ಮುಚ್ಚಿದೆ, ಇನ್ನೊಂದರಲ್ಲಿ ಮೊಮ್ಮಗನ ಬಾಯಿ ತುಂಬ ಮಂಡಕ್ಕಿ, ಮತ್ತೊಂದರಲ್ಲಿ ಎಲ್ಲರೂ ಚೆಂದ, ನನ್ನ ತಲೆ ಅರ್ಧ. ಯಂತ್ರದ ಪ್ರಕಾರ ಒಂದೇ ಸಾಕು. ಆ ಒಂದು ಯಾವುದೆಂಬ ಪ್ರಶ್ನೆ ಎತ್ತಿದರೆ ಭಾವನವರ ಮನೆಗೆ ಹೋಗಿಬರುವುದು ನಿಂತೀತು.

“ಹಂಗಿದ್ರ ಅಳಸೂದು ಏನು ಉಳೀತ್ರಿ ಕಾಕಾ?” ಎಂದ ಹುಡುಗ. ಉಳಿದದ್ದೂ ಕಡಿಮೆಯೇನಿರಲಿಲ್ಲ. ಪಾಸಾಗಿ ಮದುವೆಯೂ ಆದವರ ಹಾಲ್‌ಟಿಕೆಟ್ಟುಗಳು, ಮೂರು ಫೋಲ್ಡರಿನಲ್ಲಿ ಮೂರು ಸಲ ಕುಳಿತ ಒಂದೇ ಮದುವೆಯ ವಿಡಿಯೊ. ಜಾಗ ತಿಂದದ್ದು ಕಾಗದಗಳಲ್ಲ, ಈ ವಿಡಿಯೊಗಳೇ. ಎಲ್ಲ ಖರೇ ಕಾಗದಗಳನ್ನು ಒಂದು ಫೋಲ್ಡರಿಗೆ ಹಾಕಿ ಅದನ್ನು ರೆಫರೆನ್ಸ್ ಎಂದು ಗುರುತಿಸಿದ. ಹಾಗೆ ಮಾಡಿದರೆ ಅದರೊಳಗಿನದನ್ನು ತಂತ್ರಾಂಶ ಅಳಿಸುವುದಿಲ್ಲ. ಮಿಕ್ಕ ನಕಲುಗಳನ್ನು ಕಸದ ಬುಟ್ಟಿಗೆ ಕಳಿಸಿದ. ಬುಟ್ಟಿ ಖಾಲಿ ಮಾಡುವ ಮುಂಚೆ ಖರೇ ಫೋಲ್ಡರಿನದೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಕೈಗೆ ಕೊಟ್ಟ. ಅಳಿಸಲು ಬಂದವನೇ ಮತ್ತೊಂದು ನಕಲು ಮಾಡುತ್ತಾನಲ್ಲ ಎಂದರೆ, “ಇದು ಬ್ಯಾರೆ ಕಡೆ ಇರ್ತದ್ರಿ. ಒಂದs ಡಿಸ್ಕಿನ್ಯಾಗ ಹತ್ತು ಕಡೆ ಇಟ್ರ, ಡಿಸ್ಕ್ ಹೋದ್ರ ಹತ್ತೂ ಹೋಗ್ತಾವ” ಎಂದ. ಮೂರೂ ಸೆಟ್ಟನ್ನು ಒಂದೇ ಚೀಲದಲ್ಲಿಟ್ಟು ಬಸ್ಸಿನಲ್ಲಿ ಬಿಟ್ಟುಬಂದ ಊರಿನ ಎಷ್ಟೋ ಮಂದಿ ನೆನಪಾದರು.

ಪಟ್ಟಿಯ ಕೆಂಪು ಹೋಗಿ ನೀಲಿ ಬಂತು, ಅರ್ಜಿಯೂ ಹೋಯಿತು. ಗೆದ್ದ ಹುರುಪಿನಲ್ಲಿ ಮನೆಯವಳ ಮೊಬೈಲಿಗೆ ಕೈ ಹಾಕಿದೆ. ಅಲ್ಲಿ ಶುಭೋದಯದ ಗುಲಾಬಿಗಳು, ಅದೇ ಗುಲಾಬಿ, ಅದೇ ಇಬ್ಬನಿ, ಹ್ಯಾಶ್ ಕೂಡ ಅದೇ. ಇದರಲ್ಲಿ ತಕರಾರೇ ಇಲ್ಲವೆಂದು ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿದಳು.

“ಇದು ನನ್ನ ತಂಗಿ ನಾರಾಯಣಪೇಟದಿಂದ ಕಳ್ಸಿದ್ದು. ಇದು ನಿಮ್ಮ ಅಕ್ಕ ಕಳ್ಸಿದ್ದು. ಯಾರದು ಅಳಸ್ತೀರಿ, ನೀವs ಹೇಳ್ರಿ.”