ಗೂಗಲ್ಲಿನ ಮೊದಲ ಪುಟದ ಗ್ಯಾರಂಟಿ ಕೊಡುವ ಮಹನೀಯರಿಗೆ

ಮಾನ್ಯ ಎಸ್‌ಇಒ ಪರಿಣತರೇ,

ಸಕಲೇಶಪುರದ ಕಡೆಯ ಹೋಂಸ್ಟೇ ಒಂದಕ್ಕೆ ತಾವು ಬರೆದುಕೊಟ್ಟ ವೆಬ್‌ಸೈಟನ್ನು ಪಾರಾಯಣ ಮಾಡಿದೆ. ‘ಸಕಲೇಶಪುರದ ಬೆಸ್ಟ್ ಹೋಂಸ್ಟೇ ಹುಡುಕುತ್ತಿದ್ದೀರಾ? ಸಕಲೇಶಪುರದ ಬೆಸ್ಟ್ ಹೋಂಸ್ಟೇ ಆದ ನಮ್ಮ ಸಕಲೇಶಪುರ ಬೆಸ್ಟ್ ಹೋಂಸ್ಟೇಗೆ ಬನ್ನಿ.’ ಸಹಸ್ರನಾಮದಲ್ಲಿ ದೇವರಿಗಾದರೂ ಬೇರೆ ಬೇರೆ ಹೆಸರುಗಳಿವೆ. ತಾವು ಒಂದೇ ಹೆಸರಿನಲ್ಲಿ ಸಾವಿರ ಮುಟ್ಟಿಸುವವರು.

ಪುಟದ ಬುಡದಲ್ಲಿ ಖಾಲಿ ಜಾಗ ಕಂಡಿತು. ಸುಮ್ಮನೆ ಮೌಸ್ ಎಳೆದರೆ ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ಮಡಿಕೇರಿ, ಊಟಿ, ಗೋವಾ! ಮನುಷ್ಯರಿಗೆ ಕಾಣದಂತೆ ಬರೆಯುವ ಈ ವಿದ್ಯೆಯನ್ನು ಗೂಗಲ್ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಒಳಗಿನ ಕೋಡ್‌ನಲ್ಲಿ ಹುಡುಕುಪದಗಳನ್ನು ಪಟ್ಟಿ ಮಾಡುವ ಕೀವರ್ಡ್ಸ್ ಮೆಟಾ ಟ್ಯಾಗನ್ನೂ ತಾವು ಕೈಬಿಟ್ಟಿಲ್ಲ. ರ್‍ಯಾಂಕಿಂಗಿಗೆ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ಹೇಳಿದರೆ ಹೇಳಲಿ, ನಿಷ್ಠೆ ಅಂದರೆ ಹೀಗಿರಬೇಕು.

ತಮ್ಮ ಧೈರ್ಯವನ್ನೂ ಮೆಚ್ಚಬೇಕು. 2006ರಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಸೈಟು ಸರ್ಚ್ ಎಂಜಿನ್ನಿಗೆಂದೇ ಪದ ತುರುಕಿದ ಪುಟಗಳನ್ನಿಟ್ಟು, ಬಂದ ಗಿರಾಕಿಯನ್ನು ಬೇರೆ ಪುಟಕ್ಕೆ ಸಾಗಿಸುತ್ತಿತ್ತು. ಗೂಗಲ್ ಆ ಸೈಟನ್ನೇ ತನ್ನ ಹುಡುಕಾಟದ ಪಟ್ಟಿಯಿಂದ ಎತ್ತಿ ಬಿಸಾಡಿತು. ಆ ಪುಟಗಳನ್ನು ತೆಗೆದ ಮೇಲಷ್ಟೇ ಒಳಗೆ ಬಿಟ್ಟುಕೊಂಡಿತು. ಅಂಥವರಿಗೇ ಸಿಗದ ವಿನಾಯಿತಿಯನ್ನು ತಾವು ಒಂದು ಕಾಫಿ ತೋಟದ ಮನೆಗೆ ಕೊಡಿಸಲು ಹೊರಟಿದ್ದೀರಿ.

ಇಷ್ಟೆಲ್ಲ ಓದಿದರೂ ನನಗೆ ಬೇಕಾದ್ದು ಸಿಗದೆ ಕೊನೆಗೆ ಫೋನ್ ಮಾಡಿದೆ. ಆ ಮನೆಯ ಅಮ್ಮನವರು ನಾನು ಕೇಳುವ ಮೊದಲೇ ಶುರು ಮಾಡಿದರು: ರೈಲ್ವೆ ಸ್ಟೇಷನ್‌ಗೆ ಜೀಪು ಕಳಿಸುತ್ತೇವೆ, ಮಳೆಗಾಲದಲ್ಲಿ ಸಣ್ಣ ಕಾರು ಮೇಲೆ ಹತ್ತಲ್ಲ, ಜಿಗಣೆ ಇರುತ್ತೆ ಉಪ್ಪು ಕೊಡ್ತೀವಿ, ನೆಟ್‌ವರ್ಕು ಜಗಲಿಯಲ್ಲಿ ಮಾತ್ರ, ಅಕ್ಕಿರೊಟ್ಟಿ ಮಾಡಿಕೊಡ್ತೀವಿ, ಮಂಜರಾಬಾದ್ ಕೋಟೆ ಹತ್ತಿರವೇ. ದಿನಾ ಇದನ್ನೇ ಕೇಳ್ತಾರಲ್ಲ, ಬಾಯಿಪಾಠ ಆಗಿದೆ ಅಂದರು.

ಸ್ವಾಮಿ, ಕೀವರ್ಡ್ ಅಂದರೆ ಅದೇ. ಜನ ಫೋನಿನಲ್ಲಿ ಕೇಳುವುದನ್ನೇ ಗೂಗಲ್ಲಿನಲ್ಲೂ ಕೇಳುತ್ತಾರೆ. ‘ಮಂಜರಾಬಾದ್ ಕೋಟೆ ಹತ್ತಿರದ ಹೋಂಸ್ಟೇ’ ಅಂತ ಟೈಟಲ್‌ನಲ್ಲೊಮ್ಮೆ, ಮುಖ್ಯ ತಲೆಬರಹದಲ್ಲೊಮ್ಮೆ ಹಾಕಿ, ಕೆಳಗೆ ಅಮ್ಮನವರ ಮಾತನ್ನು ಹಾಗೇ ಇಳಿಸಿದ್ದರೆ ಸಾಕಿತ್ತು. ಫೋಟೊಗಳಿಗೆ ‘ಐಎಂಜಿ 2041’ ಬದಲು ‘ಜಗಲಿಯಿಂದ ಕಾಣುವ ತೋಟ’ ಎಂದಿದ್ದರೆ ಗೂಗಲ್ಲಿಗೂ ತಿಳಿಯುತ್ತಿತ್ತು, ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೂ ತಿಳಿಯುತ್ತಿತ್ತು. ಯಾವ ಪದ ಹುಡುಕಿ ಜನ ಬರುತ್ತಾರೆಂದು ಗೂಗಲ್ಲಿನದೇ ಸರ್ಚ್ ಕನ್ಸೋಲ್ ಬಿಟ್ಟಿಯಾಗಿ ತೋರಿಸುತ್ತದೆ. ಬಿಟ್ಟಿ ಸಿಗುವುದನ್ನು ಬಳಸಿದರೆ ಬಿಲ್ಲು ಹೇಗೆ ಮಾಡುವುದು ಎಂಬ ತಮ್ಮ ಸಂಕಟ ಅರ್ಥವಾಗುತ್ತದೆ.

ಇನ್ನು ತಮ್ಮ ಗ್ಯಾರಂಟಿ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾಗದು ಎಂದು ಗೂಗಲ್ಲೇ ಬರೆದುಕೊಂಡಿದೆ. ತಾವು ಅದಕ್ಕಿಂತ ದೊಡ್ಡವರು, ಇರಲಿ. ಮುಂದಿನ ಕಂತಿನ ದುಡ್ಡು ಕೇಳುವ ಮುಂಚೆ ಒಂದು ಸಾಲು ಮಾತ್ರ ಸೇರಿಸಿಕೊಡಿ: ರೂಮಿನ ಬಾಡಿಗೆ ಎಷ್ಟು? ಇಡೀ ಸೈಟಿನಲ್ಲಿ ಅದೊಂದು ಎಲ್ಲೂ ಇಲ್ಲ.

ಇಂತಿ,
ತಮ್ಮ ಗಿರಾಕಿಯ ಗಿರಾಕಿ